ವರ್ಡ್‌ನ ಸಮೀಕರಣ ಸಂಪಾದಕ: ತಿದ್ದುವವರ ಕಣ್ಣಿನಿಂದ ಒಂದು ವಿಮರ್ಶೆ

ಐದು ಸಾಲಿನ ಒಂದು ಗಣಿತ ಸಾಧನೆಯ (ಡೆರಿವೇಷನ್) ಎರಡನೆಯ ಸಾಲಿನಲ್ಲಿ ಮೈನಸ್ ಇರಬೇಕಾದ ಕಡೆ ಪ್ಲಸ್ ಬಿದ್ದಿದ್ದು, ಆ ತಪ್ಪು ಮುಂದಿನ ಮೂರು ಸಾಲುಗಳಿಗೂ ಹರಿದು ಬಂದಿದೆ ಎಂದಿಟ್ಟುಕೊಳ್ಳೋಣ. ಕಾಗದದ ಮೇಲಾದರೆ ನಾಲ್ಕು ಕಡೆ ಗೀಟೆಳೆದು ಮುಗಿಸುವ ಕೆಲಸ ಅದು. ವರ್ಡ್ ಪ್ರೊಸೆಸರ್‌ನಲ್ಲಿ ಅದೇ ಕೆಲಸಕ್ಕೆ ಅರ್ಧ ನಿಮಿಷ ಸಾಕಾಗುತ್ತದೆಯೋ, ಅರ್ಧ ಗಂಟೆ ಬೇಕಾಗುತ್ತದೆಯೋ ಎಂಬುದನ್ನು ನೋಡಿದರೆ ಅದರ ಸಮೀಕರಣ ಸಂಪಾದಕದ ಯೋಗ್ಯತೆ ತಿಳಿದುಬಿಡುತ್ತದೆ. ಮೊದಲ ಸಲ ಬರೆಯುವುದು ಎಲ್ಲ ತಂತ್ರಾಂಶಗಳಲ್ಲೂ ಹೇಗೋ ಸಾಗುತ್ತದೆ. ರಿಬ್ಬನ್‌ನಲ್ಲಿ ಭಿನ್ನರಾಶಿಯ ಗುಂಡಿ ಹುಡುಕಿ, ಖಾಲಿ ಚೌಕಗಳನ್ನು ಒಂದೊಂದಾಗಿ ತುಂಬುವಷ್ಟು ತಾಳ್ಮೆ ಯಾರಿಗಾದರೂ ಒಂದು ದಿನದ ಮಟ್ಟಿಗೆ ಇದ್ದೇ ಇರುತ್ತದೆ. ಆದ್ದರಿಂದ ಮೈಕ್ರೋಸಾಫ್ಟ್ ವರ್ಡ್‌ನ ಒಳಗೇ ಇರುವ ಸಮೀಕರಣ ಸಾಧನವನ್ನು ಮುಖ್ಯವಾಗಿ, ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಮ್ಯಾತ್ ಅನ್ನು ಹೋಲಿಕೆಗಾಗಿ ಇಟ್ಟುಕೊಂಡು, ಬರೆದದ್ದನ್ನು ಮತ್ತೆ ಮತ್ತೆ ತಿದ್ದಬೇಕಾದವರ ಕಡೆಯಿಂದ ಈ ವಿಮರ್ಶೆಯನ್ನು ಬರೆದಿದ್ದೇನೆ.

ವರ್ಡ್‌ನ ಸಾಧನಕ್ಕೆ ಒಂದು ಹಿನ್ನೆಲೆ ಇದೆ. ಅದು ಗೊತ್ತಿಲ್ಲದಿದ್ದರೆ ಹಳೆಯ ಕಡತಗಳ ಗೊಂದಲ ಅರ್ಥವಾಗುವುದಿಲ್ಲ. ಬಹುಕಾಲ ಅಲ್ಲಿದ್ದದ್ದು ಡಿಸೈನ್ ಸೈನ್ಸ್ ಎಂಬ ಸಂಸ್ಥೆ ತಯಾರಿಸಿದ ‘ಈಕ್ವೇಷನ್ ಎಡಿಟರ್ 3.0’. ಅದೇ ಸಂಸ್ಥೆಯ ಮ್ಯಾತ್‌ಟೈಪ್ ಎಂಬ ದೊಡ್ಡ ಸಮೀಕರಣ ತಂತ್ರಾಂಶಕ್ಕೆ ಇದು ತಮ್ಮನಿದ್ದಂತೆ. ಇದರಲ್ಲಿ ಬರೆದ ಸಮೀಕರಣ ವರ್ಡ್‌ನ ಪಠ್ಯದ ಭಾಗವಾಗಿರುತ್ತಿರಲಿಲ್ಲ. ಪಠ್ಯದ ನಡುವೆ ಕೂರಿಸಿದ ಹೊರಗಿನ ವಸ್ತುವಾಗಿತ್ತು, ತಿದ್ದಲು ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬೇರೆಯೇ ತಂತ್ರಾಂಶ ತೆರೆದುಕೊಳ್ಳುತ್ತಿತ್ತು. 2007ರ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ತನ್ನದೇ ಹೊಸ ಸಾಧನವನ್ನು ತಂದಿತು, ಹಳೆಯದನ್ನು ಹಳೆಯ ಕಡತಗಳಿಗಾಗಿ ಹಾಗೆಯೇ ಉಳಿಸಿಕೊಂಡಿತು. 2017ರ ನವೆಂಬರ್‌ನಲ್ಲಿ ಆ ಹಳೆಯ ಸಂಪಾದಕದಲ್ಲಿ ಗಂಭೀರವಾದ ಭದ್ರತಾ ದೋಷವೊಂದು ಬಹಿರಂಗವಾಯಿತು. 2018ರ ಜನವರಿಯ ಅಪ್‌ಡೇಟ್‌ನಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಅಂದಿನಿಂದ ಅದರಲ್ಲಿ ಬರೆದ ಸಮೀಕರಣಗಳು ಕಾಣುತ್ತವೆ, ಅಚ್ಚಾಗುತ್ತವೆ, ಆದರೆ ತಿದ್ದಲು ಹೋದರೆ ಬಾಗಿಲು ಮುಚ್ಚಿರುತ್ತದೆ. ಮ್ಯಾತ್‌ಟೈಪ್ ಇದ್ದವರು ಅದರಲ್ಲಿ ತೆರೆಯಬಹುದು; ವರ್ಡ್‌ನ ಇತ್ತೀಚಿನ ಆವೃತ್ತಿಗಳಲ್ಲಿ ಹೊಸ ನಮೂನೆಗೆ ಬದಲಿಸಿಕೊಳ್ಳುವ ದಾರಿಯೂ ಇದೆ. ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೆಪತ್ರಿಕೆಗಳು, ಪಾಠದ ಟಿಪ್ಪಣಿಗಳು ಯಾರ ಬಳಿ ಇವೆಯೋ ಅವರು ಈ ಬದಲಾವಣೆಯನ್ನು ಅವಸರ ಬಂದಾಗ ಮಾಡೋಣವೆಂದು ಬಿಡದೆ ಈಗಲೇ ಮಾಡಿಕೊಳ್ಳುವುದು ಕ್ಷೇಮ.

ಹೊಸ ಸಾಧನದ ನಿಜವಾದ ಶಕ್ತಿ ರಿಬ್ಬನ್‌ನಲ್ಲಿಲ್ಲ, ಕೀಲಿಮಣೆಯಲ್ಲಿದೆ. ಮೈಕ್ರೋಸಾಫ್ಟ್‌ನ ಮರ್ರೆ ಸಾರ್ಜೆಂಟ್ ರೂಪಿಸಿದ, ಈಗ ಯೂನಿಕೋಡ್‌ಮ್ಯಾತ್ ಎಂದು ಕರೆಯಲಾಗುವ ಒಂದು ಬರವಣಿಗೆಯ ಕ್ರಮ ಇದರ ಬೆನ್ನೆಲುಬು. ಸಮೀಕರಣವನ್ನು ಒಂದೇ ಸಾಲಿನಲ್ಲಿ, ಬಾಯಲ್ಲಿ ಓದಿಕೊಳ್ಳುವ ಹಾಗೆ ಬರೆಯುತ್ತಾ ಹೋದರೆ ಪ್ರತಿ ಸ್ಪೇಸ್‌ಗೂ ಅದು ತಾನಾಗಿ ಗಣಿತದ ಆಕಾರ ತಾಳುತ್ತದೆ. ವರ್ಗ ಸಮೀಕರಣದ ಮೂಲಗಳ ಸೂತ್ರವನ್ನೇ ತೆಗೆದುಕೊಳ್ಳೋಣ. ಆಲ್ಟ್ ಕೀಲಿಯೊಂದಿಗೆ ಸಮ ಚಿಹ್ನೆಯನ್ನು ಒತ್ತಿದರೆ ಸಮೀಕರಣದ ಪೆಟ್ಟಿಗೆ ತೆರೆಯುತ್ತದೆ. ಎಕ್ಸ್, ಸಮ ಚಿಹ್ನೆ, ಎಡ ಆವರಣ, ಮೈನಸ್ ಬಿ ಬರೆದು ಪ್ಲಸ್ ಮೈನಸ್‌ಗಳನ್ನು ಒತ್ತೊತ್ತಾಗಿ ಒತ್ತಿದರೆ ಅವೆರಡೂ ಸೇರಿ ± ಆಗುತ್ತವೆ. ಬಳಿಕ ಬ್ಯಾಕ್‌ಸ್ಲ್ಯಾಷ್ ಹಾಕಿ ವರ್ಗಮೂಲದ ಸಂಕ್ಷಿಪ್ತ ಹೆಸರನ್ನು ಬರೆದು ಸ್ಪೇಸ್ ಒತ್ತಿದರೆ √ ಬರುತ್ತದೆ. ಆವರಣದೊಳಗೆ ಬಿ, ಮೇಲ್ಮುಖ ಬಾಣದ ^ ಗುರುತು, 2, ಮೈನಸ್, 4ಎಸಿ ಬರೆದು ಆವರಣ ಮುಚ್ಚಿದ ಮೇಲೆ ಇನ್ನೊಂದು ಸ್ಪೇಸ್ ಒತ್ತಿದರೆ ಮೂಲದ ಗೆರೆ ಅಷ್ಟುದ್ದಕ್ಕೂ ಚಾಚಿಕೊಳ್ಳುತ್ತದೆ. ಹೊರಗಿನ ಆವರಣವನ್ನೂ ಮುಚ್ಚಿ, ಓರೆಗೆರೆ ಹಾಕಿ, 2ಎ ಬರೆದು ಸ್ಪೇಸ್ ಒತ್ತಿದರೆ ಇಡೀ ಎಡಭಾಗ ಅಂಶವಾಗಿ ಮೇಲೇರುತ್ತದೆ, 2ಎ ಛೇದವಾಗಿ ಕೆಳಗಿಳಿಯುತ್ತದೆ, ಗುಂಪು ಮಾಡಲೆಂದು ಹಾಕಿದ ಆವರಣಗಳು ಮಾಯವಾಗುತ್ತವೆ. ಅಭ್ಯಾಸವಾದ ಕೈಗೆ ಇದು ಹತ್ತು ಹದಿನೈದು ಸೆಕೆಂಡುಗಳ ಕೆಲಸ. ಮೌಸ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಹೊಸಬರು ಎಡವುವುದು ಎರಡು ಕಡೆ. ಬಿ ವರ್ಗವನ್ನು ಸಿ ಯಿಂದ ಗುಣಿಸಿದ್ದನ್ನು ಬರೆಯುವಾಗ ಬಿ, ^, 2, ಸಿ ಎಂದು ಒಂದೇ ಉಸಿರಿನಲ್ಲಿ ಬರೆದರೆ ಸಿ ಕೂಡ ಘಾತಕ್ಕೆ ಏರಿ ಕೂರುತ್ತದೆ. ಎರಡರ ನಂತರ ಒಂದು ಸ್ಪೇಸ್ ಬೇಕು. ಆ ಸ್ಪೇಸ್ ‘ಇಲ್ಲಿಗೆ ಘಾತ ಮುಗಿಯಿತು’ ಎಂದು ಹೇಳಿ ತಾನು ಕಾಣದೆ ಹೋಗುತ್ತದೆ. ಎರಡನೆಯದು, ಅಂಶದ ಸುತ್ತ ಆವರಣ ನಿಜವಾಗಿಯೂ ಕಾಣಬೇಕಾದ ಸಂದರ್ಭ. ಆಗ ಆವರಣವನ್ನು ಎರಡೆರಡು ಸಲ ಹಾಕಬೇಕು, ಹೊರಗಿನ ಜೋಡಿ ಅಳಿದು ಒಳಗಿನದು ಉಳಿಯುತ್ತದೆ. ಇವೆರಡು ಒಮ್ಮೆ ಕೈಗೆ ಹತ್ತಿದರೆ ಉಳಿದದ್ದು ತಾನಾಗಿ ಬರುತ್ತದೆ. ಮ್ಯಾಟ್ರಿಕ್ಸ್ ಬರೆಯುವುದೂ ಇದೇ ದಾರಿಯಲ್ಲಿ: ಬ್ಯಾಕ್‌ಸ್ಲ್ಯಾಷ್‌ನೊಂದಿಗೆ ಅದರ ಹೆಸರು, ನಂತರ ಆವರಣದೊಳಗೆ ಕಾಲಂ ಬದಲಿಸಲು & ಗುರುತು, ಸಾಲು ಬದಲಿಸಲು @ ಗುರುತು. ಇಪ್ಪತ್ತೈದು ಚೌಕಗಳಲ್ಲಿ ಮೌಸ್ ಹಿಡಿದು ಓಡಾಡುವುದಕ್ಕಿಂತ ಇದು ಎಷ್ಟೋ ಹಗುರ.

ಬರಹ ಕಾಣುವ ರೀತಿಯಲ್ಲಿ ವರ್ಡ್ ತೋರುವ ಎಚ್ಚರವನ್ನು ಮೆಚ್ಚಲೇಬೇಕು. ಪೆಟ್ಟಿಗೆಯೊಳಗೆ ಬರೆದ ಚರಾಕ್ಷರಗಳು ತಾವಾಗಿ ಓರೆಯಾಗುತ್ತವೆ, ಅಂಕಿಗಳು ನೆಟ್ಟಗೆ ನಿಲ್ಲುತ್ತವೆ. ಸೈನ್, ಲಾಗ್ ಮುಂತಾದ ಹೆಸರುಗಳನ್ನು ಬರೆದು ಸ್ಪೇಸ್ ಒತ್ತಿದರೆ ಅವು ಮೂರು ಚರಾಕ್ಷರಗಳ ಗುಣಲಬ್ಧವಲ್ಲ, ಒಂದು ಫಲನದ ಹೆಸರು ಎಂದು ಗುರುತಿಸಿ ನೆಟ್ಟಗಾಗಿಸುತ್ತದೆ. ಕೀಲಿಮಣೆಯ ಗಿಡ್ಡ ಹೈಫನ್ ಇಲ್ಲಿ ಪ್ಲಸ್‌ನಷ್ಟೇ ಅಗಲದ ನಿಜವಾದ ಮೈನಸ್ ಆಗುತ್ತದೆ. ಸಾಮಾನ್ಯ ಪಠ್ಯದಲ್ಲಿ ಹೈಫನ್‌ನಿಂದಲೇ ಮೈನಸ್ ಬರೆದು, ಸಾಲಿನ ಕೊನೆಯಲ್ಲಿ ಅದು ಸಂಖ್ಯೆಯಿಂದ ಬೇರ್ಪಟ್ಟು ಒಂಟಿಯಾಗಿ ನಿಂತಿದ್ದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಅಳತೆಯ ಮಾನಗಳು ನೆಟ್ಟಗಿರಬೇಕಾದ್ದರಿಂದ ಅವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಇಲ್ಲದಿದ್ದರೆ ಮೀಟರಿನ ಎಂ ಓರೆಯಾಗಿ ದ್ರವ್ಯರಾಶಿಯ ಎಂ ಎಂಬಂತೆ ಕಾಣುತ್ತದೆ. ಇದಕ್ಕೆಲ್ಲ ಆಧಾರವಾಗಿರುವುದು ಇದೇ ಕೆಲಸಕ್ಕೆಂದು ರೂಪಿಸಿದ ಕ್ಯಾಂಬ್ರಿಯಾ ಮ್ಯಾತ್ ಫಾಂಟ್. ಆವರಣ ಎಷ್ಟೆತ್ತರ ಬೆಳೆಯಬೇಕು, ಘಾತ ಎಲ್ಲಿ ಕೂರಬೇಕು, ಭಿನ್ನರಾಶಿಯ ಗೆರೆ ಯಾವ ಮಟ್ಟದಲ್ಲಿರಬೇಕು ಎಂಬ ಮಾಹಿತಿ ಫಾಂಟ್‌ನ ಒಳಗೇ ಇರುತ್ತದೆ. ಹಾಗಾಗಿ ಮನಸ್ಸಿಗೆ ಬಂದ ಯಾವುದೋ ಫಾಂಟ್ ಅನ್ನು ಸಮೀಕರಣಕ್ಕೆ ಹಾಕಲು ಬರುವುದಿಲ್ಲ. ಗಣಿತದ ಮಾಹಿತಿ ಇರುವ ಫಾಂಟ್‌ಗಳು ಮಾತ್ರ ನಡೆಯುತ್ತವೆ.

ಇನ್ನು ತಿದ್ದುವ ಪರೀಕ್ಷೆ. ಸಾಧನೆ ಬರೆಯುವವರು ಪ್ರತಿ ಸಾಲನ್ನೂ ಮೊದಲಿಂದ ಬರೆಯುವುದಿಲ್ಲ. ಮೇಲಿನ ಸಾಲನ್ನು ನಕಲಿಸಿ, ಬದಲಾದಷ್ಟನ್ನು ಮಾತ್ರ ತಿದ್ದುತ್ತಾರೆ. ನಮ್ಮ ಪ್ಲಸ್ ಚಿಹ್ನೆ ನಾಲ್ಕು ಸಾಲುಗಳಿಗೆ ಹರಡಿದ್ದೂ ಹೀಗೆಯೇ. ಒಂದು ಚಿಹ್ನೆಯನ್ನು ಬದಲಿಸುವುದಷ್ಟೇ ಆದರೆ ವರ್ಡ್‌ನಲ್ಲಿ ಕಷ್ಟವಿಲ್ಲ: ಬಾಣದ ಕೀಲಿಗಳಿಂದ ಅಂಶದೊಳಗೆ ಹೊಕ್ಕು, ಮೂಲದ ಗೆರೆಯಡಿಗೆ ಇಳಿದು, ಅಳಿಸಿ ಬರೆದರಾಯಿತು. ಮೌಸ್‌ನಿಂದ ಅಷ್ಟು ಸಣ್ಣ ಜಾಗಕ್ಕೆ ಗುರಿಯಿಡಲು ಹೋದರೆ ಮಾತ್ರ ಕರ್ಸರ್ ಮೂಲದ ಒಳಗಿದೆಯೋ ಹೊರಗಿದೆಯೋ ತಿಳಿಯದೆ ಕೆಲಸ ಕೆಡುತ್ತದೆ. ಕಷ್ಟ ಬರುವುದು ಆಕಾರವೇ ಬದಲಾಗಬೇಕಾದಾಗ. ಮೂಲದ ಗೆರೆ ಬಿ ವರ್ಗದ ಮೇಲೆ ಮಾತ್ರ ಬಿದ್ದಿದೆ, ಅದು 4ಎಸಿ ಯನ್ನೂ ಒಳಗೊಳ್ಳಬೇಕು ಎಂದಾದರೆ ಕಾಣುವ ರೂಪದಲ್ಲಿ ಕತ್ತರಿಸಿ ಒಳಗೆ ಅಂಟಿಸಬೇಕು, ಅದು ಸೂಕ್ಷ್ಮದ ಕೆಲಸ. ಇಂಥಲ್ಲಿ ಹೆಚ್ಚಿನವರು ಗಮನಿಸದ ಒಂದು ಸೌಲಭ್ಯ ನೆರವಿಗೆ ಬರುತ್ತದೆ. ಪೆಟ್ಟಿಗೆಯ ಬಲತುದಿಯ ಸಣ್ಣ ಬಾಣವನ್ನು ಒತ್ತಿ ‘ಲೀನಿಯರ್’ ಆರಿಸಿದರೆ ಇಡೀ ಸಮೀಕರಣ ಮತ್ತೆ ಒಂದೇ ಸಾಲಿನ ಬರಹವಾಗಿ ಬಿಡಿಸಿಕೊಳ್ಳುತ್ತದೆ. ಮಾಯವಾಗಿದ್ದ ಆವರಣಗಳೆಲ್ಲ ಕಣ್ಣೆದುರು ಬರುತ್ತವೆ. ಮುಚ್ಚುವ ಆವರಣವನ್ನು 4ಎಸಿ ಯ ಆಚೆಗೆ ಸರಿಸಿ ‘ಪ್ರೊಫೆಷನಲ್’ ಆರಿಸಿದರೆ ಸಮೀಕರಣ ಸರಿಯಾದ ಆಕಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಹೋಗಿ ಬರುವ ದಾರಿ ಇಲ್ಲದಿದ್ದರೆ ನಾನು ವರ್ಡ್‌ನ ಸಾಧನವನ್ನು ಇಷ್ಟು ಮೆಚ್ಚುತ್ತಿರಲಿಲ್ಲ.

ಸಾಲುಗಳ ನಡುವೆ ಎಂಟರ್ ಬದಲು ಶಿಫ್ಟ್ ಮತ್ತು ಎಂಟರ್ ಒತ್ತಿ ಐದೂ ಸಾಲುಗಳನ್ನು ಒಂದೇ ಪ್ಯಾರಾದಲ್ಲಿ ಇಟ್ಟುಕೊಂಡಿದ್ದರೆ, ಎಲ್ಲವನ್ನೂ ಆಯ್ದು ಬಲಗುಂಡಿಯ ಮೆನುವಿನಲ್ಲಿ ‘ಅಲೈನ್ ಆ್ಯಟ್ =’ ಆರಿಸಿದ ಕೂಡಲೇ ಸಮ ಚಿಹ್ನೆಗಳು ಒಂದರ ಕೆಳಗೊಂದು ನಿಲ್ಲುತ್ತವೆ. ಸ್ಪೇಸ್ ಒತ್ತಿ ಒತ್ತಿ ಸಮ ಚಿಹ್ನೆಗಳನ್ನು ಸಾಲುಗೂಡಿಸುವವರನ್ನು ಇಂದಿಗೂ ಕಾಣುತ್ತೇನೆ. ಅವರು ಒಂದು ಅಕ್ಷರ ತಿದ್ದಿದರೂ ಆ ಜೋಡಣೆಯೆಲ್ಲ ಚದುರಿಹೋಗುತ್ತದೆ.

ಈಗ ದೂರುಗಳು. ಮೊದಲನೆಯದು ಪೂರ್ಣವಿರಾಮದ್ದು. ಒಂದು ಪ್ಯಾರಾದಲ್ಲಿ ಸಮೀಕರಣವೊಂದೇ ಇದ್ದರೆ ವರ್ಡ್ ಅದನ್ನು ದೊಡ್ಡದಾಗಿ, ನಡುವೆ ನಿಲ್ಲಿಸಿ ತೋರಿಸುತ್ತದೆ. ಅದೇ ಪ್ಯಾರಾದಲ್ಲಿ ಬೇರೆ ಪಠ್ಯ ಸೇರಿದರೆ ಸಾಲಿನೊಳಗಿನ ಸಮೀಕರಣವೆಂದು ಭಾವಿಸಿ ಕುಗ್ಗಿಸುತ್ತದೆ. ಆ ‘ಬೇರೆ ಪಠ್ಯ’ ಕೇವಲ ಒಂದು ಪೂರ್ಣವಿರಾಮವಾದರೂ ಸಾಕು. ವಾಕ್ಯ ಮುಗಿಯಿತೆಂದು ಪೆಟ್ಟಿಗೆಯ ಹೊರಗೆ ಚುಕ್ಕಿ ಇಟ್ಟ ಕ್ಷಣ ಭಿನ್ನರಾಶಿ ಮುದುಡುತ್ತದೆ, ಸಂಕಲನ ಚಿಹ್ನೆಯ (Σ) ಮೇಲೆ ಕೆಳಗೆ ಇದ್ದ ಮಿತಿಗಳು ಪಕ್ಕಕ್ಕೆ ಸರಿಯುತ್ತವೆ, ಬರೆದವರು ತಾವೇನು ತಪ್ಪು ಮಾಡಿದೆವೆಂದು ಕಂಗಾಲಾಗುತ್ತಾರೆ. ಚುಕ್ಕಿಯನ್ನು ಪೆಟ್ಟಿಗೆಯ ಒಳಗೇ ಇಡುವುದು ಪರಿಹಾರ, ಆದರೆ ಅದನ್ನು ತಂತ್ರಾಂಶ ಎಲ್ಲಿಯೂ ಹೇಳುವುದಿಲ್ಲ. ಎರಡನೆಯದು ಸಾಲಿನ ಅಂತರದ್ದು. ಪ್ಯಾರಾದ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ನಿಗದಿ ಮಾಡಿದ್ದರೆ ಎತ್ತರದ ಸಮೀಕರಣಗಳ ತಲೆ ಕತ್ತರಿಸಿದಂತೆ ಕಾಣುತ್ತದೆ. ಇಂತಿಷ್ಟೇ ಅಂತರವಿರಬೇಕೆಂದು ಕೇಳುವ ಪ್ರಬಂಧಗಳಲ್ಲಿ ಇದು ಹೆಚ್ಚು. ಮೂರನೆಯದು ಕ್ಯಾಂಬ್ರಿಯಾ ಮ್ಯಾತ್ ಪೆಟ್ಟಿಗೆಯಿಂದ ಹೊರಗೆ ಬಂದಾಗಿನ ಅವಾಂತರ. ಸಾಮಾನ್ಯ ಪಠ್ಯಕ್ಕೆ, ಒಂದು ಖಾಲಿ ಸ್ಪೇಸ್‌ಗಾದರೂ ಸರಿ, ಆ ಫಾಂಟ್ ತಗುಲಿದರೆ ಆ ಸಾಲು ಹಲವು ಸಾಲುಗಳಷ್ಟು ಎತ್ತರಕ್ಕೆ ಉಬ್ಬುತ್ತದೆ. ಪುಟದ ನಡುವೆ ಕಾರಣವಿಲ್ಲದೆ ದೊಡ್ಡ ಬಿಳಿ ಜಾಗ ಕಂಡರೆ ಮೊದಲು ಇದನ್ನು ಅನುಮಾನಿಸಿ.

ಎಲ್ಲಕ್ಕಿಂತ ದೊಡ್ಡ ದೂರು ಸಮೀಕರಣಗಳಿಗೆ ಸಂಖ್ಯೆ ಕೊಡುವ ವಿಷಯದಲ್ಲಿದೆ. ಸಮೀಕರಣದ ಕೊನೆಯಲ್ಲಿ # ಹಾಕಿ ಆವರಣದಲ್ಲಿ ಸಂಖ್ಯೆ ಬರೆದು ಎಂಟರ್ ಒತ್ತಿದರೆ ಸಂಖ್ಯೆ ಬಲ ಅಂಚಿಗೆ ಹೋಗಿ ನಿಲ್ಲುತ್ತದೆ. ನೋಡಲು ಸೊಗಸು. ಆದರೆ ಹಾಗೆ ಕೈಯಾರೆ ಬರೆದ ಸಂಖ್ಯೆ ಬರೀ ಅಕ್ಷರ. ಮೂರನೆಯ ಮತ್ತು ನಾಲ್ಕನೆಯ ಸಮೀಕರಣಗಳ ನಡುವೆ ಹೊಸದೊಂದನ್ನು ಸೇರಿಸಿದರೆ ಮುಂದಿನವೆಲ್ಲವನ್ನೂ, ಪಠ್ಯದಲ್ಲಿ ‘ಸಮೀಕರಣ 7ರಿಂದ’ ಎಂದು ಬರೆದ ಕಡೆಗಳನ್ನೂ ಕೈಯಾರೆ ತಿದ್ದಬೇಕು. ದೀರ್ಘ ಬರಹಗಳಲ್ಲಿ ನಾನು ಇಂದಿಗೂ ಹಳೆಯ ಉಪಾಯಕ್ಕೇ ಶರಣಾಗುತ್ತೇನೆ: ಅಂಚುಗೆರೆಗಳಿಲ್ಲದ ಮೂರು ಕಾಲಂಗಳ ಕೋಷ್ಟಕ, ನಡುವಿನದರಲ್ಲಿ ಸಮೀಕರಣ, ಬಲಗಡೆಯದರಲ್ಲಿ ‘ಕ್ಯಾಪ್ಷನ್’ ಮೂಲಕ ಹಾಕಿದ, ತಾನಾಗಿ ಬದಲಾಗುವ ಸಂಖ್ಯೆ. ಒಮ್ಮೆ ಸಿದ್ಧಪಡಿಸಿ ಉಳಿಸಿಟ್ಟುಕೊಂಡರೆ ಮತ್ತೆ ಮತ್ತೆ ಬಳಸಬಹುದು. ಆದರೂ ಇಷ್ಟು ಬೆಳೆದ ತಂತ್ರಾಂಶದಲ್ಲಿ ಇಂಥ ತೇಪೆ ಹಾಕುವ ಕೆಲಸ ಬೇಕಾಗಬಾರದಿತ್ತು.

ಈ ಒಂದು ವಿಷಯದಲ್ಲಿ ಲಿಬ್ರೆಆಫೀಸ್ ಮುಂದಿದೆ. ಅದರ ಬರವಣಿಗೆಯ ತಂತ್ರಾಂಶವಾದ ರೈಟರ್‌ನಲ್ಲಿ ಎಫ್, ಎನ್ ಎಂಬೆರಡು ಅಕ್ಷರಗಳನ್ನು ಬರೆದು ಎಫ್3 ಕೀಲಿ ಒತ್ತಿದರೆ ಸಂಖ್ಯೆ ಸಹಿತವಾದ ಸಮೀಕರಣವೊಂದು ಸಿದ್ಧವಾಗಿ ಬಂದು ಕೂರುತ್ತದೆ. ಮಾದರಿಯಾಗಿ ಅಲ್ಲಿರುವ ಐನ್‌ಸ್ಟೈನರ ಸೂತ್ರವನ್ನು ತೆಗೆದು ನಮ್ಮದನ್ನು ಬರೆದರಾಯಿತು. ನಡುವೆ ಹೊಸದು ಸೇರಿದರೆ ಮುಂದಿನ ಸಂಖ್ಯೆಗಳು ತಾವೇ ಸರಿಹೊಂದಿಕೊಳ್ಳುತ್ತವೆ. ಬರೆಯುವ ಕ್ರಮ ಮಾತ್ರ ಬೇರೆ. ಪರದೆಯ ಕೆಳಗಡೆ ಆಜ್ಞೆಗಳ ಕಿಟಕಿ, ಮೇಲ್ಗಡೆ ಸಮೀಕರಣ. ಭಿನ್ನರಾಶಿಗೆ ‘ಓವರ್’, ಮೂಲಕ್ಕೆ ‘ಸ್ಕ್ವರ್ಟ್’, ಸಂಕಲನದ ಮಿತಿಗಳಿಗೆ ‘ಫ್ರಮ್’ ಮತ್ತು ‘ಟು’ ಎಂದು ಮಾತಿನಲ್ಲೇ ಬರೆಯಬೇಕು. ಗುಂಪು ಮಾಡಲು ಪುಷ್ಪಾವರಣಗಳಿವೆ, ಅವು ಕಾಣುವುದಿಲ್ಲ. ದುಂಡಾವರಣ ಬರೆದರೆ ದುಂಡಾವರಣವೇ ಕಾಣುತ್ತದೆ. ವರ್ಡ್‌ನಲ್ಲಿ ಆವರಣ ಯಾವಾಗ ಮಾಯವಾಗುತ್ತದೆ, ಯಾವಾಗ ಉಳಿಯುತ್ತದೆ ಎಂದು ಲೆಕ್ಕ ಹಾಕುವ ಕಷ್ಟ ಇಲ್ಲಿಲ್ಲ. ತಪ್ಪಾದರೆ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಎದ್ದು ನಿಲ್ಲುತ್ತದೆ. ತಿದ್ದುವಾಗ ಮೇಲಿನ ಸಮೀಕರಣದಲ್ಲಿ ಬೇಕಾದ ಚಿಹ್ನೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕೆಳಗಿನ ಆಜ್ಞೆಯಲ್ಲಿ ಕರ್ಸರ್ ಅದೇ ಜಾಗಕ್ಕೆ ಹೋಗುತ್ತದೆ. ಉದ್ದನೆಯ ಸಮೀಕರಣಗಳಲ್ಲಿ ಇದು ನಿಜಕ್ಕೂ ಉಪಕಾರಿ.

ಆದರೆ ಲಿಬ್ರೆಆಫೀಸ್‌ನಲ್ಲಿ ಪ್ರತಿಯೊಂದು ಸಮೀಕರಣವೂ ಬೇರೆ ಬೇರೆ ವಸ್ತು. ಪ್ರತಿಯೊಂದಕ್ಕೂ ತನ್ನದೇ ಫಾಂಟ್, ತನ್ನದೇ ಅಳತೆ. ಇಡೀ ಪ್ರಬಂಧದ ಅಕ್ಷರ ಗಾತ್ರವನ್ನು 12ರಿಂದ 11ಕ್ಕೆ ಇಳಿಸಿದರೆ ಪಠ್ಯವೆಲ್ಲ ಇಳಿಯುತ್ತದೆ, ಸಮೀಕರಣಗಳು 12ರಲ್ಲೇ ಉಳಿಯುತ್ತವೆ. ಪೂರ್ವನಿಗದಿಯನ್ನು ಬದಲಿಸಿದರೂ ಅದು ಮುಂದೆ ಬರೆಯುವ ಸಮೀಕರಣಗಳಿಗಷ್ಟೇ ಅನ್ವಯ. ನೂರು ಸಮೀಕರಣಗಳಿರುವ ಬರಹದಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ವರ್ಡ್‌ನಲ್ಲಿ ಸಮೀಕರಣ ಪಠ್ಯದ ಭಾಗವೇ ಆದ್ದರಿಂದ ಸುತ್ತಲಿನ ಅಕ್ಷರಗಳ ಗಾತ್ರ ಬದಲಿಸಲು ಎಲ್ಲವನ್ನೂ ಆಯ್ದುಕೊಂಡಾಗ ಅದೂ ಜೊತೆಗೆ ಬದಲಾಗುತ್ತದೆ. ಎರಡನ್ನೂ ತೂಗಿ ನೋಡಿದಾಗ ನನ್ನ ತಕ್ಕಡಿ ವರ್ಡ್ ಕಡೆಗೆ ವಾಲುವುದು ಇದೇ ಕಾರಣಕ್ಕೆ.

ಆಜ್ಞೆಗಳಲ್ಲಿ ಬರೆದದ್ದನ್ನು ಅಚ್ಚಿಗೆ ಜೋಡಿಸಿಕೊಡುವ ಲೇಟೆಕ್ ಎಂಬ ತಂತ್ರಾಂಶವನ್ನು ಬಲ್ಲವರು ಇಷ್ಟು ಹೊತ್ತಿಗೆ ಮುಗುಳ್ನಗುತ್ತಿರಬಹುದು. 1977ರಲ್ಲಿ ತಮ್ಮದೇ ಪುಸ್ತಕದ ಹೊಸ ಮುದ್ರಣದ ಕರಡು ನೋಡಿ ಬೇಸತ್ತು ಡೊನಾಲ್ಡ್ ಕ್ನೂತ್ ಕಟ್ಟಲು ತೊಡಗಿದ ಟೆಕ್, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ನಿಲ್ಲಿಸಿದ ಲೇಟೆಕ್, ಇವೆರಡೂ ಗಣಿತದ ಮುದ್ರಣಕ್ಕೆ ಹಾಕಿಕೊಟ್ಟ ಮಟ್ಟವನ್ನು ಯಾವ ವರ್ಡ್ ಪ್ರೊಸೆಸರ್ ಕೂಡ ಪೂರ್ತಿಯಾಗಿ ಮುಟ್ಟಿಲ್ಲ. ಸಂಖ್ಯೆ ಕೊಡುವುದು, ಅಡ್ಡ ಉಲ್ಲೇಖ ಮಾಡುವುದು ಅಲ್ಲಿ ಚಿಂತೆಯ ವಿಷಯವೇ ಅಲ್ಲ. ಪುಸ್ತಕದ ಗಾತ್ರದ ಗಣಿತ ಬರಹಕ್ಕೆ ನಾನೂ ಅದನ್ನೇ ಸೂಚಿಸುತ್ತೇನೆ. ವರ್ಡ್‌ನ ಹೊಸ ಆವೃತ್ತಿಗಳಲ್ಲಿ ರಿಬ್ಬನ್‌ನಲ್ಲಿ ‘ಲೇಟೆಕ್’ ಆರಿಸಿಕೊಂಡು ಅದೇ ಆಜ್ಞೆಗಳಲ್ಲಿ ಸಮೀಕರಣ ಬರೆಯಲು ಬರುತ್ತದೆ, ಆದರೆ ಸಿಗುವುದು ಅದರ ಒಂದು ಭಾಗ ಮಾತ್ರ. ಬರೆದು ಮುಗಿಸಿದ ಮೇಲೆ ‘ಕನ್ವರ್ಟ್’ ಮೂಲಕ ಆಕಾರಕ್ಕೆ ತರಬೇಕು. ಬರೆಯುತ್ತಿದ್ದಂತೆಯೇ ಕಟ್ಟಿಕೊಳ್ಳುವ ಸುಖ ಯೂನಿಕೋಡ್‌ಮ್ಯಾತ್‌ನದ್ದೇ. ಬೆರಳಿನಿಂದ ಅಥವಾ ಪೆನ್ನಿನಿಂದ ಪರದೆಯ ಮೇಲೆ ಬರೆದು ಸಮೀಕರಣವಾಗಿಸುವ ಸೌಲಭ್ಯವೂ ಇದೆ; ಅಪರೂಪಕ್ಕೆ ಒಂದೆರಡು ಬರೆಯುವವರಿಗೆ ಅದು ಸಾಕು.

ಕಡತ ಒಬ್ಬರಿಂದ ಒಬ್ಬರಿಗೆ ಹೋಗುವಾಗಿನ ಎಚ್ಚರವನ್ನೂ ಹೇಳಬೇಕು. ವರ್ಡ್‌ನಲ್ಲಿ 2007ಕ್ಕಿಂತ ಹಿಂದಿನ ನಮೂನೆಯಲ್ಲಿ ಉಳಿಸಿದರೆ ಸಮೀಕರಣಗಳು ಚಿತ್ರಗಳಾಗುತ್ತವೆ, ಆ ನಮೂನೆಯಲ್ಲಿ ಇರುವಷ್ಟು ಕಾಲ ಅವನ್ನು ತಿದ್ದಲಾಗದು. ಪರಿಚಿತರೊಬ್ಬರು ಕಳಿಸಿದ ಟಿಪ್ಪಣಿಗಳನ್ನು ತಿದ್ದಲು ಕುಳಿತಾಗ, ಅವು ಹಲವು ಕೈಗಳನ್ನೂ ಹಲವು ತಂತ್ರಾಂಶಗಳನ್ನೂ ದಾಟಿ ಬಂದಿದ್ದರಿಂದ ಒಂದೊಂದು ಸಮೀಕರಣವೂ ಮಸುಕಾದ ಚಿತ್ರವಾಗಿತ್ತು. ಹಿಗ್ಗಿಸಿದರೆ ಮೈನಸ್ ಯಾವುದು, ಕೊಳೆ ಯಾವುದು ಎಂದು ತಿಳಿಯದ ಸ್ಥಿತಿ. ಎಲ್ಲವನ್ನೂ ಮೊದಲಿಂದ ಬರೆಯಬೇಕಾಯಿತು. ಪರದೆಯನ್ನು ಓದಿ ಹೇಳುವ ತಂತ್ರಾಂಶಗಳನ್ನು ಅವಲಂಬಿಸಿದ ದೃಷ್ಟಿಹೀನ ಓದುಗರಿಗಂತೂ ಇಂಥ ಚಿತ್ರ ಬರೀ ಮೌನ. ಸಮೀಕರಣ ಸಮೀಕರಣವಾಗಿಯೇ ಉಳಿದಿದ್ದರೆ ಅದನ್ನು 1998ರಲ್ಲಿ ವೆಬ್‌ನ ಶಿಷ್ಟತೆಯಾಗಿ ಬಂದ ಮ್ಯಾತ್‌ಎಂಎಲ್ ರೂಪದಲ್ಲಿ ನಕಲಿಸಿ ಬೇರೆಡೆ ಬಳಸಲು ವರ್ಡ್ ಅವಕಾಶ ಕೊಡುತ್ತದೆ. ಲಿಬ್ರೆಆಫೀಸ್ ತನ್ನ ಸಮೀಕರಣಗಳನ್ನು ಇಡುವುದೇ ಆ ರೂಪದಲ್ಲಿ. ಇವೆರಡರ ನಡುವೆ ಕಡತ ಸಾಗಿಸಿದಾಗ ಸಮೀಕರಣಗಳು ಪರಸ್ಪರ ನಮೂನೆಗೆ ಬದಲಾಗುತ್ತವೆ, ಸರಳವಾದವು ಕ್ಷೇಮವಾಗಿ ತಲುಪುತ್ತವೆ. ಮ್ಯಾಟ್ರಿಕ್ಸ್ ಮತ್ತು ಬಹುಸಾಲಿನ ಸಾಧನೆಗಳನ್ನು ಮಾತ್ರ ಒಂದೊಂದಾಗಿ ನೋಡಿಕೊಳ್ಳಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇರುವ ಸಣ್ಣ ಕಿರಿಕಿರಿ, ಪೆಟ್ಟಿಗೆ ತೆರೆದಾಗಲೆಲ್ಲ ಕೀಲಿಮಣೆಯನ್ನು ಇಂಗ್ಲಿಷ್‌ಗೆ, ಹೊರಬಂದಾಗ ಮತ್ತೆ ಕನ್ನಡಕ್ಕೆ ಬದಲಿಸಬೇಕಾದದ್ದು. ಮರೆತರೆ ಬ್ಯಾಕ್‌ಸ್ಲ್ಯಾಷ್ ಪಕ್ಕದಲ್ಲಿ ಕನ್ನಡ ಅಕ್ಷರಗಳು ಬಂದು ಕೂರುತ್ತವೆ.

ಉದ್ದ ಹೆಸರುಗಳನ್ನು ಬರೆದು ಬೇಸತ್ತವರಿಗೆ ಆಟೋಕರೆಕ್ಟ್‌ನ ಆಯ್ಕೆಗಳಲ್ಲಿ ಗಣಿತಕ್ಕೆಂದೇ ಒಂದು ಪಟ್ಟಿ ಇದೆ. ಅದರಲ್ಲಿ ನಮ್ಮದೇ ಕಿರುಹೆಸರುಗಳನ್ನು ಸೇರಿಸಬಹುದು. ಆಂಶಿಕ ಅವಕಲನದ ಚಿಹ್ನೆಗೆ, ಪದೇ ಪದೇ ಬರುವ ಗ್ರೀಕ್ ಅಕ್ಷರಗಳಿಗೆ ನಾನು ಎರಡೆರಡು ಅಕ್ಷರಗಳ ಹೆಸರಿಟ್ಟುಕೊಂಡಿದ್ದೇನೆ. ಈ ಪಟ್ಟಿ ಕಡತದ ಜೊತೆ ಹೋಗುವುದಿಲ್ಲ, ಬರೆದ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ಬೇರೆಯವರ ಕಂಪ್ಯೂಟರ್ ಮುಂದೆ ಕುಳಿತು ಅದೇ ಅಭ್ಯಾಸದಲ್ಲಿ ಬರೆಯುತ್ತಾ ಹೋದಾಗ ಸ್ಪೇಸ್ ಒತ್ತಿದ ಮೇಲೂ ಚಿಹ್ನೆ ಬಾರದೆ, ಬ್ಯಾಕ್‌ಸ್ಲ್ಯಾಷ್ ಮತ್ತು ಎರಡು ಅಕ್ಷರಗಳು ಹಾಗೆಯೇ ನಿಂತಿರುವುದನ್ನು ನೋಡಿದಾಗಲೇ ಇದು ನೆನಪಾಗುವುದು.